ಇಲ್ಲದ ಭಾವನ ಪಾಸ್‌ಪೋರ್ಟು

ನಿಮ್ಮ ದೊಡ್ಡತಾತ, ಅಂದರೆ ನನ್ನ ಗಂಡನ ಅಣ್ಣ, ಸರ್ಕಾರದ ಪ್ರಕಾರ ಕೆಲವು ಕಾಲ ದೊಡ್ಡನೆಕ್ಕುಂದಿಯಲ್ಲಿ ಇರಲೇ ಇಲ್ಲ! ನಗಬೇಡಿ ಮಕ್ಕಳೇ. ಅಲ್ಲೇ ಹುಟ್ಟಿ, ಅಲ್ಲೇ ರಾಗಿ ಬೆಳೆದು, ಆ ಹೊಲದಲ್ಲೇ ಸಾಲು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಮನುಷ್ಯ ಇಲ್ಲವಾದದ್ದು ಹೇಗೆ? ಹಡಗು ಹತ್ತಲು ಹೊರಟದ್ದರಿಂದ.

ಹಡಗಿನ ಆಸೆ ಭಾವನದಲ್ಲ, ಅವರ ಹೆಂಡತಿಯದು, ನಾನು ಅಕ್ಕ ಎನ್ನುತ್ತಿದ್ದ ನನ್ನ ಓರಗಿತ್ತಿಯದು. ಅಕ್ಕನ ಮೂತ್ರಪಿಂಡ ಕೆಡುತ್ತ ಬಂದಿತ್ತು. ಕುಡಿಯುವ ನೀರನ್ನೂ ಅಳೆದು ಕೊಡುತ್ತಿದ್ದ ಕಾಲ. ಸಿಂಗಾಪುರದಿಂದ ಹೊರಡುವ ಹಡಗೊಂದನ್ನು ಟಿ.ವಿ.ಯಲ್ಲಿ ನೋಡಿ, ಅಷ್ಟು ನೀರಿನ ನಡುವೆ ಒಂದು ಸಲ ನಿಲ್ಲಬೇಕು ಅಂದಳು. ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು, ಹೋಗುವುದಾದರೆ ಬೇಗ ಹೋಗಿಬನ್ನಿ, ಡಯಾಲಿಸಿಸ್ ಶುರುವಾದ ಮೇಲೆ ಕಷ್ಟ ಎಂದರು.

ಅಕ್ಕನ ಪಾಸ್‌ಪೋರ್ಟು ಸಲೀಸಾಗಿ ಬಂತು. ಭಾವನಿಗೋ ಕಾಗದ ಕಂಡರಾಗದು. ಬಾಡಿಗೆಗೂ ಕರಾರಿಲ್ಲ, ಎಲ್ಲ ಬಾಯಿಮಾತು. ಪ್ರವಾಸದ ಏಜೆಂಟು ಹುಟ್ಟಿದ್ದಕ್ಕೆ ದಾಖಲೆ ಕೇಳಿದ.

"ಎದುರಿಗೇ ಕುಂತಿವ್ನಲ್ಲಪ್ಪ, ಇನ್ನೇನ್ ದಾಖಲೆ?"

ಕೊನೆಗೆ ವಕೀಲರೊಬ್ಬರು ಅಫಿಡವಿಟ್ ಬರೆದುಕೊಟ್ಟರು. ಫೋಟೋದವನು ನಗಬಾರದು ಎಂದ. ತಮ್ಮ ಮದುವೆಯ ಫೋಟೋದಲ್ಲೂ ನಗದಿದ್ದ ಮನುಷ್ಯನಿಗೆ ಆಗಲೇ ನಗು ಉಕ್ಕಬೇಕೆ! ಹಲ್ಲು ಕಾಣದ ಒಂದು ಫೋಟೋ ಸಿಗುವಷ್ಟರಲ್ಲಿ ಫೋಟೋದವನೇ ಅಳುವಂತಾಗಿದ್ದ.

ಉಳಿದದ್ದು ಪೊಲೀಸ್ ವಿಚಾರಣೆ. ಭಾವನ ಕೋಣೆಗಳಲ್ಲಿ ಇದ್ದವರು ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅನುಮತಿಯಿಲ್ಲದೆ ಎಬ್ಬಿಸಿದ ಕೋಣೆಗಳಾದ್ದರಿಂದ ಭಾವ ಅವರಿಗೊಂದು ಪಾಠ ಕಲಿಸಿದ್ದರು: ಸರ್ಕಾರದವರು ಯಾರೇ ಬಂದು ನನ್ನ ಹೆಸರು ಕೇಳಲಿ, ಅಂಥವರು ಇಲ್ಲಿಲ್ಲ ಎನ್ನಿ. ಪೊಲೀಸರು ಬಂದ ದಿನ ಅಕ್ಕನ ಜೊತೆ ನಾನೂ ಭಾವನೂ ಆಸ್ಪತ್ರೆಯಲ್ಲಿದ್ದೆವು. ಬಾಡಿಗೆದಾರರಲ್ಲಿ ಒಬ್ಬರಾದರೂ ಪಾಠ ಮರೆಯಬೇಕೆ? ಸಂಜೆ ಅವರ ಮೇಸ್ತ್ರಿ ಹೆಮ್ಮೆಯಿಂದ ಬಂದ.

"ಪೊಲೀಸ್ರು ಬಂದಿದ್ರರೀ ಯಜಮಾನ್ರ. ಅಂಥಾವ್ರು ಈ ಊರಾಗ ಹುಟ್ಟೇ ಇಲ್ಲಂತ ಹೇಳಿ ಕಳಿಸೀವಿ."

ವರದಿಯೂ ಹಾಗೇ ಹೋಯಿತು. ಭಾವ ಎಲ್ಲರನ್ನೂ ಟೆಂಪೋದಲ್ಲಿ ತುಂಬಿಕೊಂಡು ಠಾಣೆಗೆ ಹೋದರು. ನಾನೂ ಒಬ್ಬ ಸಾಕ್ಷಿ. ಸೆರಗು ಹಿಡಿದು ಹಿಂದೆ ನಿಂತಿದ್ದೆ. ಇಲ್ಲ ಅಂದವರು ನೀವೇ ಅಲ್ಲವೇನ್ರೋ ಎಂದು ಪೊಲೀಸಿನವರು ಗದರಿದರೆ, ಮೇಸ್ತ್ರಿ ಅಳುಕಲಿಲ್ಲ.

"ಅವತ್ತ ಇದ್ದಿಲ್ರೀ ಸಾಹೇಬ್ರ. ಇವತ್ತ ಅದಾರ."

ಠಾಣೆಯೆಲ್ಲ ನಕ್ಕಿತು. ಭಾವ ನಗಲಿಲ್ಲ. ಯಾರ ಮುಂದೆಯೂ ಬಗ್ಗದ ಮನುಷ್ಯ ಎರಡೂ ಕೈ ಜೋಡಿಸಿದರು. "ಬೇಗ ಬರ್ಕೊಡಿ ಸಾರ್. ನಮ್ಮೋಳಿಗೆ ಟೈಮಿಲ್ಲ."

ಮತ್ತೆ ಅರ್ಜಿ, ಮತ್ತೆ ವಿಚಾರಣೆ, ಆಮೇಲೆ ವೀಸಾ. ಎಲ್ಲವೂ ಕೈಸೇರುವ ಹೊತ್ತಿಗೆ ಅಕ್ಕನಿಗೆ ಡಯಾಲಿಸಿಸ್ ಶುರುವಾಗಿತ್ತು. ಹಡಗಿನವರು ಕೊನೆಯದಾಗಿ ಡಾಕ್ಟರ ಒಪ್ಪಿಗೆ ಪತ್ರ ಕೇಳಿದರು. ಅದು ಮಾತ್ರ ಸಿಗಲಿಲ್ಲ. ನೀವಾದರೂ ಹೋಗಿಬನ್ನಿ ಎಂದು ಅಕ್ಕ ಹಟ ಹಿಡಿದಳು. ಒಬ್ಬನೇ ಹೋಗಿ ನೀರು ನೋಡಲು ನಾನೇನು ಮೀನೇ ಎಂದರು ಭಾವ.

ಹಡಗು ಹೊರಡುವ ದಿನ ಅಕ್ಕನಿಗೆ ವೈಟ್‌ಫೀಲ್ಡಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇತ್ತು. ಭಾವ ಪ್ರಯಾಣಕ್ಕೆಂದು ಹೊಲಿಸಿದ್ದ ಕೋಟು ತೊಟ್ಟೇ ಬಂದರು. ಯಂತ್ರದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅಕ್ಕನ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತತೊಡಗಿದರು. ನಮ್ಮ ಮನೆಗಳಲ್ಲಿ ಗಂಡಸರು ಹೆಂಡತಿಯ ಕಾಲು ಮುಟ್ಟುವುದುಂಟೇ? ನನಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಅಕ್ಕ ನಾಚಿ ಪಾದ ಎಳೆದುಕೊಳ್ಳಲು ನೋಡಿದಳು.

"ಬುಡಿ, ಯಾರಾನಾ ನೋಡಿದ್ರೆ?"

ಭಾವ ಬಿಡಲಿಲ್ಲ.

"ನೋಡಕ್ಕೆ ಇಲ್ಲಿ ಯಾರವ್ರೆ? ನಡು ಸಮುದ್ರ. ಸುಮ್ಕೆ ಮಲಿಕ್ಕೋ."