ಮುದಿ ಬಾತುಗಳ ಒಂಬತ್ತನೇ ನಂಬರು

ತೊಂದರೆಗೆಲ್ಲ ಮೂಲ ಒಂದು ನಿಂಬೆಹಣ್ಣು.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಎವಾರಿಸ್ತೊ ಲೂಸೆರೊ ತನ್ನ ಮನೆಯ ಕಸದ ಡಬ್ಬವನ್ನು ರಸ್ತೆಯಂಚಿಗೆ ಎಳೆದುಕೊಂಡು ಹೋಗುತ್ತಿದ್ದ. ಮೈಮೇಲೆ ನೀಲಿ-ಬಿಳಿ ಪಟ್ಟೆಯ ಪೈಜಾಮ, ಕಾಲಲ್ಲಿ ಹೆಂಡತಿಯ ಚಪ್ಪಲಿ, ಕಣ್ಣಲ್ಲಿ ಅರ್ಧ ನಿದ್ದೆ. ಪಕ್ಕದ ಮನೆಯ ಗಿಡದಿಂದ ಉದುರಿದ ನಿಂಬೆಹಣ್ಣು ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ದಾಟಲು ಹೋಗಿ ಎಡವಿದ. ಬೀಳದಿರಲೆಂದು ಒಂದು ಕಾಲನ್ನು ಗಾಳಿಯಲ್ಲಿ ಬೀಸಿದ. ಕಾಲು ಹಣ್ಣಿಗೆ ತಗುಲಿತು. ಹಣ್ಣು ಹಾರಿ, ಕರೆಂಟ್ ಕಂಬಕ್ಕೆ ಬಡಿದು, ಬಾಯಿ ತೆರೆದುಕೊಂಡಿದ್ದ ಡಬ್ಬದೊಳಗೆ ಟಪ್ಪೆಂದು ಬಿತ್ತು.

“ಅಯ್ಯಯ್ಯಯ್ಯೋ!” ಎಂದಿತು ಪಕ್ಕದ ಮನೆಯ ವರಾಂಡ.

ಅಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದವನು ನೆವಿಲ್. ಆಸ್ಟ್ರೇಲಿಯಾದ ವಾಗಾ ವಾಗಾ ಊರಿನ ನಲವತ್ತೈದು ದಾಟಿದವರ ಫುಟ್‌ಬಾಲ್ ತಂಡ ‘ಮುದಿ ಬಾತುಗಳು’. ನೆವಿಲ್ ಅದರ ಮ್ಯಾನೇಜರ್, ಕೋಚ್ ಮತ್ತು ಬಟ್ಟೆ ಒಗೆಯುವವನು. ಅವನ ಹಿಂದೆ ಹೆಂಡತಿ ಗ್ಲೆನಿಸ್. ಊರಿನ ಹೆಂಗಸರ ಕ್ಲಬ್ಬಿಗೆ ಕಾರ್ಯದರ್ಶಿ. ಬೀದಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

“ನೋಡಿದ್ಯಾ ಗ್ಲೆನಿಸ್? ನಿದ್ದೆಗಣ್ಣಲ್ಲಿ! ಹೆಂಗಸರ ಚಪ್ಪಲೀಲಿ!” ಎಂದು ನೆವಿಲ್ ಬೇಲಿ ಹಾರಿ ಬಂದ. ಬೇಲಿ ಮುರಿಯಿತು, ಅವನು ಗಮನಿಸಲಿಲ್ಲ. ಎವಾರಿಸ್ತೊ ಅವನ ಬಾಯಲ್ಲಿ ಬರೀ ‘ಇವೋ’. “ಇವೋ, ಗುರುವೇ, ದೇವರು ಕಳಿಸಿದ ಹಾಗೆ ಸಿಕ್ಕಿದೆ ನೀನು. ಇವತ್ತು ಮಧ್ಯಾಹ್ನ ಜುನೀ ಊರಿನವರ ಮೇಲೆ ಫೈನಲ್ಲು. ನಮ್ಮ ಡಗ್ಗಿ ನಿನ್ನೆ ಫ್ರಿಜ್ ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೊಂಡು ಮಲಗಿದಾನೆ. ಒಂಬತ್ತನೇ ನಂಬರ್ ಜರ್ಸಿ ಖಾಲಿ ಇದೆ.”

ಎವಾರಿಸ್ತೊನ ಅರ್ಧ ನಿದ್ದೆ ಪೂರ್ತಿ ಹಾರಿತು.

ಇಲ್ಲೊಂದು ಸಂಗತಿ ಹೇಳಬೇಕು. ಅರ್ಜೆಂಟೀನಾದಿಂದ ಬಂದು ಊರಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಎವಾರಿಸ್ತೊನನ್ನು ಮೊದಲು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಅರ್ಜೆಂಟೀನಾ ವಿಶ್ವಕಪ್ ಗೆದ್ದದ್ದೇ ತಡ, ಅವನೇ ಗೆದ್ದು ತಂದನೇನೋ ಎಂಬಂತೆ ಊರು ಅವನನ್ನು ತಬ್ಬಿಕೊಂಡಿತು. ಮಾಂಸದಂಗಡಿಯವನು ತೂಕಕ್ಕೆ ಎರಡು ಸಾಸೇಜು ಹೆಚ್ಚು ಹಾಕಿ, “ನೀನೂ ಆಡ್ತಿದ್ದೆ ಅಲ್ವಾ?” ಎಂದು ಕಣ್ಣು ಮಿಟುಕಿಸಿದ್ದ. ಎವಾರಿಸ್ತೊ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಸುಮ್ಮನೆ ನಕ್ಕ. ಆ ನಗು ಊರಲ್ಲಿ ಸುತ್ತಾಡಿ, ವಾರದೊಳಗೆ ಕಾಲಿಗೆ ಬೂಟು ಹಾಕಿಕೊಂಡು, ತಿಂಗಳೊಳಗೆ ರಾಷ್ಟ್ರೀಯ ತಂಡದ ಬಾಗಿಲವರೆಗೂ ಹೋಗಿ ಬಂದಿತ್ತು.

ನಿಜ ಏನೆಂದರೆ, ಅರ್ಜೆಂಟೀನಾದ ತಾಂದಿಲ್ ಊರಿನ ಅವನ ಬೀದಿಯಲ್ಲಿ ಅವನಿಗಿಂತ ಕೆಟ್ಟ ಆಟಗಾರ ಹುಟ್ಟಿರಲಿಲ್ಲ. ಸಂಜೆ ಖಾಲಿ ಸೈಟಿನಲ್ಲಿ ಇಬ್ಬರು ನಾಯಕರು ಎದುರುಬದುರು ನಿಂತು, “ಬ್ರೆಡ್ಡು”, “ಚೀಸು” ಎನ್ನುತ್ತ ಹಿಮ್ಮಡಿಗೆ ಕಾಲ್ತುದಿ ಸೇರಿಸಿ ಹೆಜ್ಜೆಯಿಟ್ಟು ಬರುವರು. ಯಾರ ಕಾಲು ಯಾರ ಕಾಲನ್ನು ತುಳಿಯಿತೋ ಅವನಿಗೆ ಮೊದಲ ಆಯ್ಕೆ. ದೊಡ್ಡ ಹುಡುಗರು ಹೋದರು, ಚಿಕ್ಕವರು ಹೋದರು, ಸುಬೇರೊ ಕಟುಕನ ನಾಯಿ ಬಿಗೋತೆಯೂ ಹೋಯಿತು. ಅದಕ್ಕೆ ಎಡಗಡೆಯ ಆಟ ಚೆನ್ನಾಗಿ ಬರುತ್ತಿತ್ತು. ಕೊನೆಗೆ ಎವಾರಿಸ್ತೊ ಒಬ್ಬನೇ ಉಳಿಯುವನು. “ಕಂಬದ ಜಾಗದಲ್ಲಿ ಇಡೋಕೆ ಸ್ವೆಟರ್ ಒಂದು ಕಮ್ಮಿ ಬಿತ್ತು ಕಣ್ರೋ” ಎಂದು ಅವನನ್ನು ಗೋಲಿನ ಕಂಬವಾಗಿ ನಿಲ್ಲಿಸುವರು. ಚೆಂಡು ಅವನ ಹೊಟ್ಟೆಗೆ ಬಡಿದರೆ ಎಲ್ಲರೂ “ಕಂಬ!” ಎಂದು ಕೂಗುವರು. ಅಲ್ಲಾಡಿದರೆ ಬೈಯುವರು. ಅವನು ಒಳ್ಳೆಯ ಕಂಬವೆಂದು ಹೆಸರು ತೆಗೆದಿದ್ದ, ಅಷ್ಟು ನಿಜ.

“ನೆವಿಲ್, ನನ್ನ ಮಂಡಿ...” ಎಂದ ಎವಾರಿಸ್ತೊ.

“ಗ್ಲೆನಿಸ್! ಮಂಡಿಪಟ್ಟಿ ತಗೊಂಡ್ ಬಾ!”

“ಬೂಟ್ ಇಲ್ಲ.”

“ಡಗ್ಗೀದು ಇದೆ. ಎರಡು ಸೈಜ್ ದೊಡ್ಡದು. ಪೇಪರ್ ತುರುಕಿದ್ರೆ ಆಯ್ತು.”

ಎವಾರಿಸ್ತೊ ಒಳಗೆ ಓಡಿದ. ಹೆಂಡತಿ ಮಿರ್ತಾ ಅಡುಗೆಮನೆಯಲ್ಲಿ ಸೋರೆಬುರುಡೆಗೆ ಬಿಸಿನೀರು ಹೊಯ್ದು ಮಾಟೆ ಕಷಾಯ ಹೀರುತ್ತಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಡುಮ್ಮಾ, ಹೋಗಿ ನಿಜ ಹೇಳಿಬಿಡು. ನನಗಿಂತ ಮೊದಲು ನಾಯೀನ ಸೇರಿಸ್ಕೊತಿದ್ರು ಅಂತ.”

“ಹೇಳಿದ್ರೆ ನಾಳೆಯಿಂದ ಊರಲ್ಲಿ ಯಾರು ನನ್ನ ಮಾತಾಡಿಸ್ತಾರೆ?”

“ಆಡಿದ್ರೆ ಇವತ್ತು ಸಂಜೆಯಿಂದ ಮಾತಾಡಿಸಲ್ಲ. ಅರ್ಧ ದಿನದ ವ್ಯತ್ಯಾಸ ಅಷ್ಟೆ” ಎಂದು ಮಿರ್ತಾ ಬುರುಡೆ ಅವನ ಕೈಗಿತ್ತಳು. “ಕುಡಿ. ನಾನೂ ಬರ್ತೀನಿ. ಇಂಥದ್ದನ್ನ ನೋಡದೆ ಇರೋಕಾಗುತ್ತಾ?”

ಮೈದಾನಕ್ಕೆ ಹೋಗುವ ದಾರಿ ಹತ್ತು ನಿಮಿಷದ್ದು. ನೆವಿಲ್ ಅದನ್ನು ಒಂದು ಗಂಟೆ ಮಾಡಿದ. ಗಾಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬೇಕರಿಯ ಮುಂದೆ, ಚರ್ಚಿನ ಮುಂದೆ, ಪೆಟ್ರೋಲ್ ಬಂಕಿನ ಮುಂದೆ, “ಅರ್ಜೆಂಟೀನಾದವನು ಆಡ್ತಿದಾನೆ! ನಮ್ಮ ಅರ್ಜೆಂಟೀನಾದವನು!” ಎಂದು ಕೂಗಿದ. ಎವಾರಿಸ್ತೊ ಹಿಂದಿನ ಸೀಟಿನಲ್ಲಿ, ಸಂತೆಗೆ ಹೊರಟ ಕುರಿಯ ಹಾಗೆ, ಹೊರಗೆ ನೋಡುತ್ತ ಕುಳಿತಿದ್ದ.

ಮುದಿ ಬಾತುಗಳ ಆಟಕ್ಕೆ ಸಾಮಾನ್ಯವಾಗಿ ಬರುವವರು ಆಟಗಾರರ ಹೆಂಡಂದಿರು, ಅವರೂ ಕಾರಿನಿಂದ ಇಳಿಯುತ್ತಿರಲಿಲ್ಲ. ಇವತ್ತು ಮೈದಾನದ ಸುತ್ತ ಮಡಚುವ ಕುರ್ಚಿ ಹಾಕಲು ಜಾಗವಿಲ್ಲ. ಸಾಸೇಜು ಸುಡುವ ಹೊಗೆ ಮುಗಿಲಿಗೇರಿತ್ತು. ಮಾಂಸದಂಗಡಿಯವನು ಮುಖಕ್ಕೆ ಅರ್ಜೆಂಟೀನಾದ ನೀಲಿ-ಬಿಳಿ ಬಣ್ಣ ಬಳಿದುಕೊಂಡು ಬಂದಿದ್ದ. ಅವನನ್ನು ನೋಡಿದ್ದೇ ಎವಾರಿಸ್ತೊ ತಲೆ ತಗ್ಗಿಸಿ ಒಳಗೆ ನಡೆದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಧೈರ್ಯ ತಂದುಕೊಂಡು ಎದ್ದುನಿಂತ.

“ಕೇಳಿ. ನನಗೆ ಫುಟ್‌ಬಾಲ್ ಆಡೋಕೆ ಬರಲ್ಲ.”

ನೆವಿಲ್‌ನ ಕಣ್ಣು ಒದ್ದೆಯಾಯಿತು. “ನೋಡ್ರೋ, ನೋಡಿ ಕಲೀರಿ” ಎಂದ ತನ್ನ ತಂಡದ ಕಡೆ ತಿರುಗಿ. “ದೊಡ್ಡ ಆಟಗಾರರು ಹೀಗೆ ಮಾತಾಡೋದು. ನೀವೂ ಇದೀರಿ, ಒಂದು ಥ್ರೋ ಮಾಡಿದ್ರೆ ಹೆಂಡ್ತಿ ಹತ್ರ ಆರು ತಿಂಗಳು ಕೊಚ್ಚಿಕೊತೀರಿ.”

ಎಲ್ಲರೂ ತಲೆ ತಗ್ಗಿಸಿದರು. ಗೋಲ್‌ಕೀಪರ್ ಸಿಡ್ ಬಂದು ಎವಾರಿಸ್ತೊನ ಕೈ ಕುಲುಕಿದ.

ಆಟ ಶುರುವಾಯಿತು. ಜುನೀಯವರಿಗೂ ಸುದ್ದಿ ಮುಟ್ಟಿತ್ತು. ಗಡ್ಡದ ಅವರ ಕ್ಯಾಪ್ಟನ್ ಎವಾರಿಸ್ತೊನ ಹಿಂದೆ ಮೂವರನ್ನು ಬಿಟ್ಟ. ಎವಾರಿಸ್ತೊನ ಲೆಕ್ಕಾಚಾರ ಸರಳ: ಚೆಂಡು ಎಲ್ಲಿದೆಯೋ ಅಲ್ಲಿ ತಾನಿರಬಾರದು. ಚೆಂಡು ಬಲಕ್ಕೆ ಬಂದರೆ ಎಡಕ್ಕೆ ಓಡಿದ, ಎಡಕ್ಕೆ ಬಂದರೆ ಬಲಕ್ಕೆ ಓಡಿದ. ಆ ಮೂವರೂ, ನೆಂಟರ ಮದುವೆಯ ಛತ್ರದಲ್ಲಿ ಮಗುವಿನ ಹಿಂದೆ ಓಡುವ ಅಜ್ಜಿಯರಂತೆ ಅವನ ಹಿಂದೆಯೇ ಓಡಿದರು. ಹೀಗೆ ಒಂದು ಸಲ ಅವನು ಚೆಂಡಿಗೆ ಹೆದರಿ ಮೈದಾನದ ಮೂಲೆಯವರೆಗೂ ಓಡಿಬಿಟ್ಟಾಗ, ಜುನೀಯ ಗೋಲಿನ ಮುಂದೆ ಯಾರೂ ಉಳಿಯಲಿಲ್ಲ. ಬಾತುಗಳಲ್ಲೊಬ್ಬ ಏದುಸಿರು ಬಿಡುತ್ತ ನಡೆದುಕೊಂಡೇ ಹೋಗಿ ಗೋಲು ಹಾಕಿದ.

“ಚೆಂಡು ಮುಟ್ಟದೆ ಗೋಲ್ ಹಾಕಿಸ್ದ!” ಎಂದು ನೆವಿಲ್ ಕುಣಿದಾಡಿದ. “ಚೆಂಡು ಮುಟ್ಟದೆ!”

ಮಾಂಸದಂಗಡಿಯವನು ಅತ್ತೇಬಿಟ್ಟ. ಬಣ್ಣ ಕರಗಿ ಅಂಗಿಯ ಮೇಲೆ ಇಳಿಯಿತು.

ಹಾಫ್ ಟೈಮಿನಲ್ಲಿ ಕಿತ್ತಳೆ ಹೋಳು ಹಂಚುತ್ತ ನೆವಿಲ್, “ಇವೋ, ನೀನೊಂದು ಮಾತು ಹೇಳು. ಹುಡುಗರು ಕೇಳ್ಲಿ” ಎಂದ. ಹುಡುಗರಲ್ಲಿ ಅತಿ ಕಿರಿಯವನಿಗೆ ನಲವತ್ತೇಳು. ಎವಾರಿಸ್ತೊಗೆ ಫುಟ್‌ಬಾಲಿನಲ್ಲಿ ಗೊತ್ತಿದ್ದದ್ದು ಒಂದೇ ವಿಷಯ.

“ಕಂಬ ಅಲ್ಲಾಡಬಾರದು” ಎಂದ.

ಬಾತುಗಳು ಕಿತ್ತಳೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದವು. “ಅಂದ್ರೆ... ಒಳಗಿನ ಕಂಬ” ಎಂದ ಸಿಡ್ ಎದೆ ಮುಟ್ಟಿಕೊಂಡು. ಎಲ್ಲರೂ ಹೌದು ಹೌದು ಎಂದರು.

ಒಳಗಿನ ಕಂಬ ಎಷ್ಟು ಗಟ್ಟಿಯಾಗಿದ್ದರೂ ಕಾಲು ಸೋತಿದ್ದವು. ಜುನೀಯವರು ಒಂದು ಗೋಲು ಹಿಂತಿರುಗಿಸಿದರು. ಆಟ ಮುಗಿಯುತ್ತ ಬಂದಾಗ ಸಮಸಮ. ಎವಾರಿಸ್ತೊ ಸುಸ್ತಾಗಿ, ಚೆಂಡಿನಿಂದ ಆದಷ್ಟು ದೂರ, ಜುನೀಯ ಗೋಲಿನ ಪಕ್ಕದಲ್ಲಿ ಮೈದಾನದ ಮೇಲೆ ಬಾಗಿದ್ದ ನೀಲಗಿರಿ ಮರದ ನೆರಳಿಗೆ ಹೋಗಿ ನಿಂತ. ಅವನನ್ನು ಕಾಯುತ್ತಿದ್ದ ಮೂವರು ಮಾತ್ರ ಅಲ್ಲಿಗೆ ಬರಲಿಲ್ಲ. ಅವರು ಹುಟ್ಟಾ ಈ ಸೀಮೆಯವರು. ಸೆಪ್ಟೆಂಬರಿನಲ್ಲಿ, ಮರಿ ಕಾಯುವ ಮ್ಯಾಗ್‌ಪೈ ಹಕ್ಕಿಯ ಗೂಡಿರುವ ಮರದ ಕೆಳಗೆ ಯಾರೂ ನಿಲ್ಲುವುದಿಲ್ಲ.

ಆಗಲೇ ಜುನೀಯ ಗೋಲ್‌ಕೀಪರ್ ಚೆಂಡನ್ನು ಒದೆಯಲು ಹೋಗಿ ಜಾರಿಬಿದ್ದ. ಚೆಂಡು ಉರುಳುತ್ತ ಉರುಳುತ್ತ ಬಂದು, ಸಾಕುಬೆಕ್ಕಿನಂತೆ ಎವಾರಿಸ್ತೊನ ಕಾಲ ಬಳಿ ನಿಂತಿತು. ಎದುರಿಗೆ ಖಾಲಿ ಗೋಲು. ಎರಡು ಹೆಜ್ಜೆ.

“ಹೊಡಿ!” ಎಂದಿತು ಇಡೀ ವಾಗಾ ವಾಗಾ.

ಎವಾರಿಸ್ತೊ ಗೋಲು ನೋಡಿದ. ಹುಟ್ಟಿದಾಗಿನಿಂದ ಇಷ್ಟು ಹತ್ತಿರದಿಂದ ಅದನ್ನು ಅವನು ಕಂಬವಾಗಿ ಮಾತ್ರ ನೋಡಿದ್ದ. ಹೊಡೆಯಬಹುದು ಅನ್ನಿಸಿತು. ಕಾಲೆತ್ತಿದ.

ಮೇಲಿನಿಂದ ಕಪ್ಪು-ಬಿಳುಪಿನ ಬಾಣವೊಂದು ಬಂದು ಅವನ ಬೋಳುತಲೆಯ ನಡುಮಧ್ಯಕ್ಕೆ ಕುಟುಕಿತು.

“ಅಮ್ಮಾ!” ಎಂದು ಕಿರುಚಿ ಎವಾರಿಸ್ತೊ ಹಿಂದಕ್ಕೆ ತಿರುಗಿ ಓಡಿದ. ಡಗ್ಗಿಯ ಬೂಟುಗಳ ಉದ್ದನೆಯ ಮೂತಿಗೆ ಸಿಕ್ಕಿದ ಚೆಂಡೂ ಅವನ ಜೊತೆ ಓಡಿತು. ಹಕ್ಕಿ ಮತ್ತೆ ಎರಗಿತು. ಅವನು ಸೊಂಟ ತಿರುಗಿಸಿ ಎಡಕ್ಕೆ ಬಾಗಿದ, ಜುನೀಯವನೊಬ್ಬ ಮೋಸಹೋಗಿ ಬಲಕ್ಕೆ ಬಿದ್ದ. ಮತ್ತೆ ಎರಗಿತು, ಎರಡೂ ಕೈ ಬೀಸಿ ತುದಿಗಾಲಲ್ಲಿ ಒಂದು ಸುತ್ತು ತಿರುಗಿದ, ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ನಡುಗೆರೆ ದಾಟಿದ. ಈಗ ಎದುರು ಸಿಕ್ಕವರೆಲ್ಲ ಅವನದೇ ತಂಡದವರು. “ಇವೋ, ಆ ಕಡೆ! ಆ ಕಡೆ!” ಎಂದು ಕೂಗಿದರೇ ಹೊರತು ಯಾರೂ ತಡೆಯಲಿಲ್ಲ, ಹಕ್ಕಿಯನ್ನು ಕಂಡು ದಾರಿ ಬಿಟ್ಟರು.

ಗೋಲಿನಲ್ಲಿದ್ದ ಸಿಡ್‌ಗೆ ಮಾತ್ರ ನಂಬಿಕೆ ಕದಲಲಿಲ್ಲ. ಇದರಲ್ಲೇನೋ ಮರ್ಮವಿದೆ ಎಂದು ಕೈ ಚಾಚಿ ನಿಂತ. ಹಕ್ಕಿ ಕೊನೆಯ ಸಲ ಎದುರಿನಿಂದ ನುಗ್ಗಿತು. ಎವಾರಿಸ್ತೊ ಕಣ್ಣು ಮುಚ್ಚಿ ಜೀವಮಾನದ ಸಿಟ್ಟನ್ನೆಲ್ಲ ಸೇರಿಸಿ ಒಂದು ಒದೆ ಒದ್ದ. ಹಕ್ಕಿಗೆ ತಾಗಲಿಲ್ಲ. ಕಾಲಿನ ಬೂಟು ಕಿತ್ತು ಒಂದು ಕಡೆ ಹಾರಿತು, ಚೆಂಡು ಇನ್ನೊಂದು ಕಡೆ. ಸಿಡ್ ಮೀನಿನಂತೆ ನೆಗೆದು, ಬದುಕಿನಲ್ಲೇ ಹಿಡಿಯದಂಥ ಹಿಡಿತ ಹಿಡಿದ. ಬೂಟನ್ನು.

ಚೆಂಡು ಬಲೆಯ ಮೇಲ್ಮೂಲೆಯಲ್ಲಿ ಹೋಗಿ ಕುಳಿತಿತು. ರೆಫರಿ ಸೀಟಿ ಊದಿದ. ಆಟ ಮುಗಿಯಿತು. ಜುನೀ ಎರಡು, ಬಾತುಗಳು ಒಂದು.

ಸಂತೋಷಪಟ್ಟವರು ಜುನೀಯವರು. ಗಡ್ಡದ ಕ್ಯಾಪ್ಟನ್ ಎವಾರಿಸ್ತೊನನ್ನು ಹೆಗಲ ಮೇಲೆ ಹೊತ್ತುಕೊಂಡು ಮೈದಾನಕ್ಕೆ ಸುತ್ತು ಹೊಡೆಸಿದ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಪೇಪರ್ ಚೂರು ಅಂಟಿದ ಕಾಲುಚೀಲ. ಇಳಿಸಿದ್ದು ನೆವಿಲ್‌ನ ಎದುರಿಗೆ. ಊರೆಲ್ಲ ಸುತ್ತುಗಟ್ಟಿತು.

“ಇವೋ” ಎಂದ ನೆವಿಲ್ ಮೆಲ್ಲಗೆ. “ನಿಜ ಹೇಳು. ನಿನಗೆ ಫುಟ್‌ಬಾಲ್ ಬರುತ್ತಾ?”

“ಬರಲ್ಲ.”

“ಸ್ವಲ್ಪಾನೂ?”

“ನಮ್ಮ ಬೀದೀಲಿ ಮೊದಲು ನಾಯೀನ ಸೇರಿಸ್ಕೊತಿದ್ರು ನೆವಿಲ್. ನನ್ನನ್ನ ಕಂಬ ಮಾಡಿ ನಿಲ್ಲಿಸ್ತಿದ್ರು.”

ನೆವಿಲ್ ಅವನನ್ನೇ ನೋಡಿದ. ಮೂಗು ಅರಳಿತು, ಭುಜ ಕುಲುಕಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. “ನಾಯೀನಾ! ಅಯ್ಯೋ ದೇವರೇ, ನಾಯೀನಾ!” ಮಾಂಸದಂಗಡಿಯವನು ನಕ್ಕ, ಸಿಡ್ ನಕ್ಕ, ಊರು ನಕ್ಕಿತು. “ಹೋಗ್ಲಿ ಬಿಡಪ್ಪಾ, ನಮಗೆ ಮಾತ್ರ ಬರುತ್ತಾ? ಬಾ, ಸಾಸೇಜ್ ತಿನ್ನು” ಎಂದು ನೆವಿಲ್ ಅವನ ಬೆನ್ನಿಗೆ ಗುದ್ದಿದ.

ಎವಾರಿಸ್ತೊಗೆ ಮೈಯೆಲ್ಲ ಹತ್ತಿಯಂತೆ ಹಗುರಾಯಿತು. ಸತ್ಯ ಹೇಳಿಯಾಯಿತು, ಯಾರೂ ಮಾತು ಬಿಡಲಿಲ್ಲ, ಇನ್ನು ಯಾವ ಭಾನುವಾರವೂ ಯಾರೂ ಅವನನ್ನು ಎಳೆದುಕೊಂಡು ಹೋಗುವುದಿಲ್ಲ. ಸಾಸೇಜನ್ನು ಬಾಯಿಗಿಟ್ಟು ಮಿರ್ತಾಳ ಕಡೆ ಗೆದ್ದವನಂತೆ ನೋಡಿದ.

“ಒಂದು ನಿಮಿಷ” ಎಂದಳು ಗ್ಲೆನಿಸ್.

ಆಟದುದ್ದಕ್ಕೂ ಕಣ್ಣು ಕೀಳದೆ ನೋಡುತ್ತಿದ್ದವಳು ಈಗ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ಕಣ್ಣಲ್ಲಿ ಬೆಳಕಿತ್ತು.

“ಅರ್ಜೆಂಟೀನಾದವನು. ಫುಟ್‌ಬಾಲ್ ಬರಲ್ಲ. ಹಾಗಾದ್ರೆ ಆ ಸೊಂಟ ತಿರುಗಿಸಿದ್ದು ಏನು? ಆ ಕೈ ಬೀಸಿದ್ದು? ತುದಿಗಾಲಲ್ಲಿ ಆ ಸುತ್ತು? ನಿಮಗೆಲ್ಲ ಕಣ್ಣಿದೆಯೇನ್ರಪ್ಪಾ? ಇವನು ಅವರ ದೇಶದ ಟ್ಯಾಂಗೋ ಕುಣಿಯೋನು!”

“ಆಂ?” ಎಂದಿತು ಊರು.

“ಹೆಂಗಸರ ಕ್ಲಬ್ಬಲ್ಲಿ ಗುರುವಾರದಿಂದ ಟ್ಯಾಂಗೋ ಕ್ಲಾಸು. ಹಾಲ್ ಬುಕ್ ಆಗಿದೆ, ಹೆಂಗಸರೆಲ್ಲ ಹೆಸರು ಕೊಟ್ಟಿದಾರೆ, ಹೇಳಿಕೊಡೋಕೆ ಗಂಡಸು ಒಬ್ಬನೂ ಸಿಕ್ಕಿರಲಿಲ್ಲ.”

“ಗ್ಲೆನಿಸ್, ಅದು ಹಕ್ಕಿ...” ಎನ್ನಲು ಎವಾರಿಸ್ತೊ ಹೋದ. ಬಾಯಲ್ಲಿ ಸಾಸೇಜು. ಮಿರ್ತಾಳ ಕಡೆ ದೈನ್ಯದಿಂದ ನೋಡಿದ. ಮದುವೆಯ ದಿನ ಇಡೀ ಸಂಜೆ ಅವಳು ಐಸ್ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕುಳಿತದ್ದು ಅವನ ಕುಣಿತದಿಂದಲೇ. ಅವಳೀಗ ಮರದ ಕಡೆ ಮುಖ ತಿರುಗಿಸಿ, ಭುಜ ಕುಲುಕಿಸುತ್ತ ನಿಂತಿದ್ದಳು.

ಅಷ್ಟರಲ್ಲಿ ಗ್ಲೆನಿಸ್ ಅವನ ಒಂದು ಕೈಯನ್ನು ತನ್ನ ಸೊಂಟಕ್ಕೆ ಹಾಕಿಕೊಂಡು, ಇನ್ನೊಂದನ್ನು ಆಕಾಶಕ್ಕೆ ಚಾಚಿಯಾಗಿತ್ತು. ಊರು ಒಂದೇ ಲಯದಲ್ಲಿ ಚಪ್ಪಾಳೆ ತಟ್ಟತೊಡಗಿತು. ಎವಾರಿಸ್ತೊ ಹೆಜ್ಜೆ ಮುಂದಿಟ್ಟ. ಬೂಟಿದ್ದ ಕಾಲು ನೇರ ಹೋಗಿ ಗ್ಲೆನಿಸ್‌ಳ ಹೆಬ್ಬೆರಳ ಮೇಲೆ ಕೂತಿತು.

ಗ್ಲೆನಿಸ್ ಕಣ್ಣು ಮುಚ್ಚಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯಿತು.

“ಆಹಾ!” ಎಂದಳು ಸುತ್ತಲಿದ್ದವರಿಗೆಲ್ಲ ಕೇಳುವಂತೆ. “ಏನು ಆವೇಶ ಕಣ್ರೇ!”