ಭಾವನ ಫೈಲಿನಲ್ಲಿ ‘ಆಗದ್ದು’ ಎಂಬ ಸಾಲು

ನಮ್ಮ ಭಾವನವರು ಮನುಷ್ಯರನ್ನು ನೋಡುವುದಿಲ್ಲ, ಓದುತ್ತಾರೆ! ಅದೂ ಹೇಗೆ? ಮೇಲಿನಿಂದ ಕೆಳಕ್ಕೆ, ಸಾಲುಸಾಲಾಗಿ. ಹೊಸಬರು ಯಾರಾದರೂ ಮನೆಗೆ ಬಂದರೆ ಕೂರಲು ಹೇಳುವ ಮೊದಲೇ ಅವರ ಬಾಯಿಂದ ಎರಡು ಪ್ರಶ್ನೆ ಹೊರಡುತ್ತವೆ: “ನಿಮಗೆ ಏನೇನು ಬೇಕು? ಏನೇನು ಆಗಲ್ಲ?” ಬಂದವರು ಇದನ್ನು ಉಪಚಾರವೆಂದು ತಿಳಿದು “ಅಯ್ಯೋ, ಏನೂ ಬೇಡ, ಎಲ್ಲಾ ಆಗುತ್ತೆ” ಎಂದುಬಿಟ್ಟರೋ, ಕೆಟ್ಟರು. “ಏನೂ ಬೇಡದ್ದು ಅಂತ ಈ ಪ್ರಪಂಚ್ದಲ್ಲಿ ಇಲ್ಲ ಕಣ್ರೀ. ನಿಮ್ಮುನ್ನ ಯಾರೂ ಸರಿಯಾಗಿ ಬರ್ದಿಲ್ಲ, ಅಷ್ಟೆಯ” ಎಂದು ಮರುಕದಿಂದ ತಲೆಯಾಡಿಸುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಣಸೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಕಂಪ್ಯೂಟರ್ ಅಂಗಡಿ. ಜೆರಾಕ್ಸು, ಪಹಣಿ, ಲಗ್ನಪತ್ರಿಕೆ ಎಲ್ಲಾ ಅಲ್ಲಿ ಆಗುತ್ತದೆ. ಆದರೆ ಅದೆಲ್ಲ ಹೊಟ್ಟೆಪಾಡು. ಅವರ ನಿಜವಾದ ಕಸುಬು ಬೇರೆ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ತಂತ್ರಾಂಶಗಳು ಇರುತ್ತವಲ್ಲ, ಅವುಗಳಿಗೆ ಪ್ಯಾಕೇಜು ಕಟ್ಟುವುದು. ಬಿತ್ತನೆ ಬೀಜದ ಚೀಲದ ಬಾಯಿಗೆ ಒಂದು ಚೀಟಿ ಹೊಲಿದಿರುತ್ತಾರೆ ನೋಡಿ, ಹಾಗೆ ಪ್ರತಿ ಪ್ಯಾಕೇಜಿನ ಜೊತೆಗೂ ಒಂದು ಪುಟ್ಟ ಫೈಲು ಇರಬೇಕಂತೆ. ಹೆಸರೇನು, ಎಷ್ಟನೇ ಆವೃತ್ತಿ, ಇದು ನಡೆಯಬೇಕಾದರೆ ಮೊದಲು ಇನ್ನೇನೇನು ಇರಬೇಕು, ಯಾವುದರ ಜೊತೆ ಇದಕ್ಕೆ ಆಗಿಬರುವುದಿಲ್ಲ, ಇದನ್ನು ನೋಡಿಕೊಳ್ಳುವವರು ಯಾರು. ಕಂಪ್ಯೂಟರು ಮೊದಲು ಅದನ್ನು ಓದಿ, ಬೇಕಾದದ್ದನ್ನು ತರಿಸಿಕೊಂಡು, ಆಗದ್ದನ್ನು ಆಚೆಗೆ ಹಾಕಿ, ಆಮೇಲೆ ಪ್ಯಾಕೇಜನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಇಂಗ್ಲಿಷಿನಲ್ಲಿರುವ ಆ ಸಾಲುಗಳನ್ನು ಭಾವ ಮನೆಮಾತಿಗೆ ತಂದುಕೊಂಡಿದ್ದಾರೆ: ‘ಬೇಕಾದ್ದು’, ‘ಆಗದ್ದು’, ‘ನೋಡ್ಕೊಳ್ಳೋರು’.

ಬರೆಯುವ ನಿಯಮ ಬಲು ಬಿಗಿ. ವಿವರಣೆಯ ಮಧ್ಯೆ ಒಂದು ಖಾಲಿ ಸಾಲು ಬೇಕೆಂದರೂ ಸುಮ್ಮನೆ ಖಾಲಿ ಬಿಡುವಂತಿಲ್ಲ, ಅಲ್ಲೊಂದು ಚುಕ್ಕಿ ಇಡಬೇಕು. “ಸುಮ್ಕಿರೋದಕ್ಕೂ ಚುಕ್ಕಿ ಇಡ್ಬೇಕು ಕಣ್ಲಾ ಬಾಮೈದ. ಇಲ್ದಿದ್ರೆ ಮಿಶಿನ್ನು ಮಾತೇ ಮುಗ್ದೋಯ್ತು ಅಂದ್ಕೊತದೆ” ಎಂದು ನನಗೆ ಪಾಠವಾಗಿತ್ತು. ನಾನು ಕೆ.ಆರ್. ನಗರದ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಚುಕ್ಕಿ ಇಡದೆ ರಾಜವಂಶಗಳನ್ನೇ ಮುಗಿಸಿದವನು. ನನಗೆ ಇದೆಲ್ಲ ಎಲ್ಲಿ ಹತ್ತಬೇಕು!

ಅಂಗಡಿಗೆ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲವನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಂದು ಪ್ಯಾಕೇಜು ಇಳಿಯುವಷ್ಟರಲ್ಲಿ ಪಕ್ಕದ ಹಳ್ಳಿಯ ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಬೆಂದು, ಮಾರಾಟವಾಗಿ, ಆ ದುಡ್ಡೂ ಖರ್ಚಾಗಿರುತ್ತಿತ್ತು. ಇಳಿದ ಮೇಲೆ ಅದು ಹೇಳುತ್ತಿತ್ತು: ನನಗೆ ಇನ್ನೊಂದು ಬೇಕು. ಆ ಇನ್ನೊಂದಕ್ಕೆ ಮತ್ತೊಂದು. ಮತ್ತೊಂದು ಇರುವ ಸಿ.ಡಿ. ಮೈಸೂರಿನಲ್ಲಿ. ಭಾವ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಬೇಸರವೆಂಬುದು ಅವರ ಮುಖದಲ್ಲಿ ಒಂದು ದಿನವೂ ಕಾಣಲಿಲ್ಲ. ಸಂಜೆ ಸಿ.ಡಿ.ಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಇಳಿಯುವಾಗ ಕೂಸನ್ನು ಎತ್ತಿಕೊಂಡು ಬಂದವರ ಹಾಗೆ ಕಾಣುತ್ತಿದ್ದರು.

ಆ ಬುದ್ಧಿ ಮನೆಯೊಳಕ್ಕೂ ನುಗ್ಗಿತು. ಒಂದು ದಿನ ಅಕ್ಕ “ರೀ, ಹಿತ್ತಲಿಂದ ಒಂದೆಸಳು ಕರಿಬೇವು ತನ್ನಿ” ಎಂದಳು. ಕರಿಬೇವಿಗೆ ದೋಟಿ ಬೇಕು. ದೋಟಿಯ ಕೊಕ್ಕೆ ಸಡಿಲ, ಅದಕ್ಕೆ ಹಗ್ಗ ಬೇಕು. ಹಗ್ಗ ಪೇಟೆಯಲ್ಲಿ. ಭಾವ ಮಧ್ಯಾಹ್ನ ದಾಟಿದ ಮೇಲೆ ಹೊಸ ಹಗ್ಗದ ಸುರುಳಿಯೊಂದಿಗೆ ವಿಜಯಶಾಲಿಯಾಗಿ ಬಂದರು. “ಒಂದಕ್ಕೊಂದು ಬೇಕಲ್ವೇನೇ!” ಎಂದರು. ಅಕ್ಕ ತಟ್ಟೆ ಇಟ್ಟು ಕೇಳಿದಳು: “ಮುದ್ದೆ ತಿಂತೀರೋ, ಹಗ್ಗ ತಿಂತೀರೋ?”

ನನ್ನನ್ನೂ ಅವರು ಬಿಟ್ಟಿಲ್ಲ. “ಬಾಮೈದ. ಆವೃತ್ತಿ ಹಳೇದು. ಬೇಕಾದ್ದು: ಕೊಡೆ, ಬಿ.ಪಿ. ಮಾತ್ರೆ, ಮಾತ್ರೆ ನುಂಗಿದ್ದೀಯ ಅಂತ ಸಾಕ್ಷಿ ಹೇಳೋಕೆ ಒಬ್ರು. ಆಗದ್ದು: ಹೊತ್ತಲ್ಲದ ಹೊತ್ತಲ್ಲಿ ಬರೋ ಫೋನು.” ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾನು ಜಗಳವಾಡಬಹುದಿತ್ತು.

ಆದರೆ ಒಂದು ಉಪಕಾರವನ್ನು ಮರೆಯಬಾರದು. ನನಗೆ ಹೆಣ್ಣು ನೋಡಲು ಪಿರಿಯಾಪಟ್ಟಣಕ್ಕೆ ಹೋದಾಗ ದೊಡ್ಡವರೆಲ್ಲ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಭಾವ ನಡುವೆ ಬಾಯಿ ಹಾಕಿ, “ಅದಿರ್ಲಿ, ನಿಂಗೆ ಏನೇನು ಬೇಕವ್ವಾ? ಏನು ಆಗಲ್ಲ?” ಎಂದುಬಿಟ್ಟರು. ಹುಡುಗಿ ತಲೆಯೆತ್ತಿ ಸ್ವಲ್ಪ ಯೋಚಿಸಿ, “ಬದನೆಕಾಯಿ ಆಗಲ್ಲ. ಸುಳ್ಳು ಹೇಳೋರೂ ಆಗಲ್ಲ” ಎಂದಳು. ಬದನೆಕಾಯಿಯನ್ನು ನಾನು ಅವತ್ತೇ ಬಿಟ್ಟೆ. ಇನ್ನೊಂದರ ವಿಷಯದಲ್ಲಿ ಪ್ರಯತ್ನ ನಡೆದಿದೆ.

ಇಷ್ಟೆಲ್ಲ ಬಲ್ಲ ಭಾವ ತಾವೇ ಬರೆದ ಒಂದು ‘ಆಗದ್ದು’ ಸಾಲಿನಲ್ಲಿ ಸಿಕ್ಕಿಬಿದ್ದರು.

ಸರಗೂರಿನಲ್ಲಿ ಅವರಿಗೊಬ್ಬ ಪ್ರಾಣಸ್ನೇಹಿತ, ಡ್ರಾಯಿಂಗ್ ಮೇಷ್ಟ್ರು. ಇಬ್ಬರೂ ಸೇರಿ ವೀರನಹೊಸಹಳ್ಳಿಯ ಕಡೆಯ ಒಂದು ಶಾಲೆಯ ಮಕ್ಕಳಿಗಾಗಿ ಒಂದು ಆಟ ಮಾಡಿದರು. ಪರದೆಯ ಮೇಲೊಂದು ನೇರಳೆ ಮರ. ಅದರಿಂದ ಹಣ್ಣಿನ ಹಾಗೆ ಕನ್ನಡ ಅಕ್ಷರ ಉದುರುತ್ತದೆ. ನೆಲ ಮುಟ್ಟುವ ಮೊದಲು ಮಗು ಅದೇ ಅಕ್ಷರವನ್ನು ಒತ್ತಿದರೆ ಹಣ್ಣು ಬುಟ್ಟಿಗೆ. ಆಟ ಭಾವನದು. ಅಕ್ಷರಗಳನ್ನು ದುಂಡಗೆ ಬಿಡಿಸಿ, ಫಾಂಟು ಮಾಡಿ ಕಂಪ್ಯೂಟರಿಗೆ ಇಳಿಸಿದವರು ಮೇಷ್ಟ್ರು. ಕಾಡಂಚಿನ ಗಿರಿಜನರ ಹಾಡಿಗಳಿಂದ ಬರುತ್ತಿದ್ದ ಮಕ್ಕಳು ಊಟದ ಬೆಲ್ಲು ಹೊಡೆದರೂ ಏಳುತ್ತಿರಲಿಲ್ಲವಂತೆ. ಆ ಸುದ್ದಿ ಬಂದ ದಿನ ಇಬ್ಬರೂ ಅಂಗಡಿಯ ಮುಂದೆ ಒಂದೇ ಗ್ಲಾಸಿನಲ್ಲಿ ಟೀ ಕುಡಿದದ್ದನ್ನು ನಾನು ನೋಡಿದ್ದೇನೆ.

ಕೊನೆಗೆ ಫೈಲು ಬರೆಯಲು ಕೂತರು. ಹೆಸರು ಆಯಿತು, ಬೇಕಾದ್ದು ಆಯಿತು. ‘ನೋಡ್ಕೊಳ್ಳೋರು’ ಬಂತು. ಅಲ್ಲಿ ಒಂದೇ ಹೆಸರಿಗೆ ಜಾಗ!

“ಮರ ನಂದು” ಎಂದರು ಭಾವ.

“ಹಣ್ಣು ನಂದಲ್ವೇನ್ಲಾ? ಬೋಳು ಮರ ಇಟ್ಕೊಂಡು ಏನ್ ಮಾಡ್ತೀಯೆ, ಸೌದೆ ಒಡೀತೀಯಾ?” ಎಂದರು ಮೇಷ್ಟ್ರು.

ಅಷ್ಟೇ. ಒಂದು ಪ್ಯಾಕೇಜು ಎರಡಾಯಿತು. ಆಟ ಒಬ್ಬರದು, ಅಕ್ಷರ ಇನ್ನೊಬ್ಬರದು. ಸಾಲದ್ದಕ್ಕೆ ಭಾವ ತಮ್ಮ ಫೈಲಿನ ‘ಆಗದ್ದು’ ಸಾಲಿನಲ್ಲಿ ಗೆಳೆಯನ ಅಕ್ಷರವನ್ನು ಬರೆದರು. ಮೇಷ್ಟ್ರು ಬಿಡುತ್ತಾರೆಯೇ? ತಮ್ಮ ಫೈಲಿನಲ್ಲಿ ಭಾವನ ಆಟವನ್ನು ಬರೆದರು. ಇನ್ನು ಒಂದನ್ನು ಹಾಕಿದರೆ ಇನ್ನೊಂದು ತಾನಾಗಿ ಕಿತ್ತುಕೊಂಡು ಹೋಗುತ್ತಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ನೇರಳೆ ಮರದಿಂದ ಬರೀ ಖಾಲಿ ಚೌಕಗಳು ಉದುರತೊಡಗಿದವು. ಟೀಚರಮ್ಮ ಫೋನು ಮಾಡಿ, “ಸಾರ್, ಮರದಿಂದ ಡಬ್ಬ ಬೀಳ್ತಾ ಇದೆ” ಎಂದರು. ಭಾವ ಎಲ್ಲಿಂದಲೋ ಬೇರೆ ಅಕ್ಷರ ತಂದು ಜೋಡಿಸಿದರು. ಅದರಲ್ಲಿ ಒತ್ತಕ್ಷರಗಳು ಕಾಲು ಮುರಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದವು. ಮಕ್ಕಳು ಒಬ್ಬೊಬ್ಬರಾಗಿ ಎದ್ದರು.

ನಾನು ಎಲ್ಲೋ ಓದಿ ತಿಳಿದುಕೊಂಡು ಒಮ್ಮೆ ಕೇಳಿದೆ: “ಭಾವ, ಆ ಫೈಲಲ್ಲಿ ಜೊತೆಗಾರರ ಹೆಸರಿಗೆ ಅಂತ ಇನ್ನೊಂದು ಸಾಲು ಇದೆಯಂತಲ್ಲ? ಅದು ನಿಮಗೆ ಗೊತ್ತಿರಲಿಲ್ವೇ?”

“ಗೊತ್ತಿತ್ತು ಕಣ್ಲಾ, ಇಬ್ರಿಗೂ ಗೊತ್ತಿತ್ತು” ಎಂದರು ಭಾವ ಅತ್ತ ತಿರುಗಿ. “ಎರಡ್ನೇ ಸಾಲಲ್ಲಿ ಕೂರೋರು ಯಾರು?”

ಮಾತು ನಿಂತು ವರ್ಷಗಳೇ ಕಳೆದವು. ಆದರೆ ಜಗಳ ನಿಲ್ಲಲಿಲ್ಲ! ಪ್ಯಾಕೇಜಿನಲ್ಲಿ ತಪ್ಪು ಕಂಡವರು ದೂರು ಬರೆಯಲು ಇಂಟರ್ನೆಟ್ಟಿನಲ್ಲಿ ಒಂದು ಜಾಗ ಇದೆ, ನೋಡಿಕೊಳ್ಳುವವರು ಅಲ್ಲೇ ಉತ್ತರ ಕೊಡಬೇಕು. ಭಾವ ಹೊತ್ತು ಹುಟ್ಟಿದರೆ ಅಲ್ಲಿರುತ್ತಿದ್ದರು. “ಮಾನ್ಯರೇ, ತಮ್ಮ ‘ಳ’ಕಾರದ ಹೊಟ್ಟೆ ವಿಪರೀತ ಊದಿಕೊಂಡಿದೆ.” ಸರಗೂರಿನಿಂದ ಉತ್ತರ: “ಮಾನ್ಯರೇ, ಅದು ‘ಳ’. ಕನ್ನಡಿಯಲ್ಲ. ದೂರು ಮುಚ್ಚಲಾಗಿದೆ.” ಮೇಷ್ಟ್ರ ಕಡೆಯಿಂದಲೂ ಬರುತ್ತಿತ್ತು: “ತಮ್ಮ ನೇರಳೆ ಮರವು ನಮ್ಮ ಕಣ್ಣಿಗೆ ಸೀಬೆ ಮರದಂತೆ ತೋರುತ್ತಿದೆ.” ಅದನ್ನೋದಿ ಭಾವ ಹಲ್ಲು ಕಡಿಯುತ್ತಿದ್ದರು, ಆಮೇಲೆ ಎರಡು ಸಲ ಕಾಫಿ ಕೇಳುತ್ತಿದ್ದರು. “ಜಗಳ ಬಂದಿದ್ದ ದಿನ ಇವರಿಗೆ ಊಟ ಚೆನ್ನಾಗಿ ಸೇರುತ್ತೆ” ಎನ್ನುತ್ತಿದ್ದಳು ಅಕ್ಕ.

ಕಳೆದ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಶಾಲೆಗೆ ಹೊಸ ಕಂಪ್ಯೂಟರುಗಳು ಬಂದವು. ಟೀಚರಮ್ಮ ಮತ್ತೆ ಆಟ ಕೇಳಿದರು. ಅದೇ ಸಂಭ್ರಮದಲ್ಲಿ ಭಾವ ಗೆಳೆಯನ ಅಕ್ಷರದ ಮೇಲೆ ಒಂದು ಖಾರವಾದ ದೂರು ಬರೆದರು. ಉತ್ತರವಿಲ್ಲ. ಇನ್ನೊಂದು ಬರೆದರು. ಇಲ್ಲ. ಮೂರನೆಯದರಲ್ಲಿ ಮೇಷ್ಟ್ರ ಇಡೀ ವರ್ಣಮಾಲೆಯನ್ನೇ ಜರೆದರು. ಅದಕ್ಕೂ ಇಲ್ಲ.

ನನಗೆ ಫೋನು ಬಂತು. “ಬಯ್ಗುಳ ಬಂದಿಲ್ಲ ಕಣ್ಲಾ.”

“ಒಳ್ಳೇದೇ ಆಯ್ತಲ್ಲ ಭಾವ?”

“ಏನ್ ಒಳ್ಳೇದು? ‘ಕ್ಷ’ ನೋಡಿದ್ರೆ ವಾಂತಿ ಬತ್ತದೆ ಅಂತ ಬರ್ದಿವ್ನಿ. ಅದಕ್ಕೂ ಸುಮ್ಕವ್ನೆ ಅಂದ್ರೆ ಏನೋ ಆಗದೆ. ಬತ್ತೀಯಾ, ಇಲ್ಲ ನಾನೊಬ್ನೇ ಹೋಗ್ಲಾ?”

ಚಿಂತೆ ಮಾಡುವುದು ಮನೆಯಲ್ಲಿ ನನಗೆ ಮೀಸಲಾದ ಇಲಾಖೆ. ಅದರಲ್ಲಿ ಭಾವ ಕೈಹಾಕಿದ್ದನ್ನು ಕಂಡ ಮೇಲೆ ಕೇಳುವುದೇನಿದೆ! ಕೊಡೆ, ಮಾತ್ರೆ ತೆಗೆದುಕೊಂಡು ಹೊರಟೆ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸಿದೆವು. ಸರಗೂರಿನ ಬಸ್ಸು ಹತ್ತಿದ ಮೇಲೆ ಭಾವ, “ಫೋನ್ ನಂಬ್ರ ಇತ್ತು ಕಣ್ಲಾ, ಒತ್ತೋಕೆ ಧೈರ್ಯ ಆಗ್ಲಿಲ್ಲ” ಎಂದರು.

ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು. “ಈಗ ದಾರಿ ಕಾಣ್ತಾ ಅಣ್ಣಾ?” ಎಂದಷ್ಟೇ ಹೇಳಿ ಒಳಕ್ಕೆ ಕರೆದೊಯ್ದರು. ಮೇಷ್ಟ್ರಿಗೆ ಲಕ್ವ ಹೊಡೆದಿತ್ತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಬಾಯಿ ಒಂದು ಕಡೆ ವಾಲಿತ್ತು, ಮಾತು ಬರೀ ಉಸಿರಾಗಿ ಹೊರಬರುತ್ತಿತ್ತು. ದಿನವೂ ಎಡಗೈಯಿಂದ ಕಂಪ್ಯೂಟರನ್ನು ತೋರಿಸುತ್ತಾರೆ, ಹತ್ತಿರ ಕೂರಿಸಿದರೆ ಮುಖ ತಿರುಗಿಸುತ್ತಾರೆ ಎಂದರು ಆಕೆ. “ಡಾಕ್ಟ್ರು ಮಾತಾಡಿಸ್ತಾ ಇರಿ ಅಂತಾರೆ. ನಾನು ಏನ್ ಮಾತಾಡಿಸಿದ್ರೂ ಅಳ್ತಾರೆ ಅಣ್ಣ.”

ಭಾವ ಕ್ಷೇಮ ಕೇಳಲಿಲ್ಲ, ಕೈ ಹಿಡಿಯಲಿಲ್ಲ. ಗೆಳೆಯನ ಪಕ್ಕಕ್ಕೆ ಸ್ಟೂಲು ಎಳೆದು ಕೂತು ಕಂಪ್ಯೂಟರು ತೆರೆದರು. “ಏನ್ಲಾ, ದೂರು ಅಷ್ಟೊಂದು ಬಾಕಿ ಮಡಿಕ್ಕೊಂಡು ಮಲ್ಗಿದ್ದೀಯೆ? ಉತ್ತರ ಕೊಡೋರು ಯಾರು, ನಿಮ್ಮಪ್ಪನಾ?” ಎಂದು ತಾವೇ ಬರೆದ ದೂರನ್ನು ಗಟ್ಟಿಯಾಗಿ ಓದಿದರು. “‘ಕ್ಷ’ ವಾಂತಿ ತರಿಸುತ್ತದೆ. ಒಪ್ಕೊತೀಯಾ?”

ಮೇಷ್ಟ್ರು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಬಲು ಜೋರಾಗಿಯೇ ಆಡಿಸಿದರು. ಭಾವ ಗೆಳೆಯನ ಪರವಾಗಿ ಟೈಪು ಮಾಡಿದರು: “ಮಾನ್ಯರೇ, ತಮ್ಮ ಹೊಟ್ಟೆ ಸರಿಯಿಲ್ಲ. ದೂರು ಮುಚ್ಚಲಾಗಿದೆ.” ಹೀಗೆ ತಮ್ಮ ಮೂರು ದೂರುಗಳನ್ನೂ ತಾವೇ ಬಯ್ದುಕೊಂಡು ಮುಚ್ಚಿದರು. ಆಮೇಲೆ ಎರಡು ಫೈಲುಗಳನ್ನೂ ಪಕ್ಕಪಕ್ಕ ತೆರೆದು, “ಈ ಆಗದ್ದು ಅನ್ನೋ ಸಾಲು...” ಎಂದು ನಿಲ್ಲಿಸಿದರು. ಮೇಷ್ಟ್ರ ಎಡಗೈ ನಿಧಾನವಾಗಿ ಬಂತು. ಒಂದೇ ಬೆರಳಿನಿಂದ ತಮ್ಮ ಸಾಲನ್ನು ಅಳಿಸಿದರು. ಅಲ್ಲಿಗೆ ನಿಲ್ಲದೆ ಭಾವನ ಸಾಲನ್ನೂ ಅಳಿಸಿದರು.

ಈಗ ಶಾಲೆಯ ಮರದಲ್ಲಿ ದುಂಡನೆಯ ಹಣ್ಣು ಉದುರುತ್ತಿದೆ. ಭಾವ ವಾರಕ್ಕೊಮ್ಮೆ ಅಂಗಡಿಯನ್ನು ಅಕ್ಕನಿಗೆ ಬಿಟ್ಟು ಸರಗೂರಿಗೆ ಹೋಗುತ್ತಾರೆ. ಗೆಳೆಯನ ಮುಂದೆ ಕೂತು ಜಗಳ ಕಾಯುತ್ತಾರೆ. ಇತ್ತೀಚಿನವರೆಗೂ ಅತ್ತಲಿಂದ ಉಸಿರಲ್ಲದೆ ಬೇರೇನೂ ಬರುತ್ತಿರಲಿಲ್ಲ. “ಮಾತು ಬತ್ತದೆ ಬುಡು” ಎಂದು ನನಗೆ ಹೇಳುತ್ತಿದ್ದರು, ನಾನು ಕೇಳದಿದ್ದರೂ.

ಮೊನ್ನೆ ನಾನು ಪಾಠದ ಮಧ್ಯದಲ್ಲಿದ್ದಾಗ ಫೋನು ಬಂತು. ಹೊತ್ತಲ್ಲದ ಹೊತ್ತು. ಹೆಸರು ನೋಡಿದರೆ ಭಾವ. ನಾನು ಕ್ಲಾಸಿನಿಂದ ಹೊರಗೆ ಬಂದು ಗೋಡೆ ಹಿಡಿದುಕೊಂಡೆ. “ಏನಾಯ್ತು ಭಾವ? ಮೇಷ್ಟ್ರು...?”

ಅತ್ತಲಿಂದ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ನನ್ನ ತಲೆಯೊಳಗೆ ಆಗಲೇ ಕಾರು ಬಾಡಿಗೆಗೆ ಗೊತ್ತುಮಾಡಿಯಾಗಿತ್ತು.

“ಅವನ ಕನ್ನಡಕದ ಮೇಲೆ ಕೂತ್ಬುಟ್ಟೆ ಕಣ್ಲಾ” ಎಂದರು ಭಾವ ಕೊನೆಗೆ. ದನಿ ಒಡೆದಿತ್ತು. “‘ಏಳ್ಲಾ ಮೇಲೆ, ಮೂದೇವಿ’ ಅಂದ. ಅಂಗೇ ಅಂದ, ಒಂದಕ್ಷರ ಜಾರ್ಲಿಲ್ಲ. ಅವನೆಂಡ್ರು ಒಲೆ ಮೇಲಿನ ಹಾಲು ಬುಟ್ಟು ಓಡ್ಬಂದ್ರು. ಫೋನ್ ಇಡ್ಬೇಡ ಇರು. ಇನ್ನೊಂದ್ಸಲ ಬಯ್ಯಿಸ್ತೀನಿ, ನೀನೂ ಕೇಳ್ಸ್ಕೊ.”