ಚಂದ್ರಿಯ ವಯಸ್ಸು

ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಿಂಬರ್ಗಾ ಊರು ಬೇಕಾದಷ್ಟು ಕಂಡಿತ್ತು. ಖರೆ ಹೇಳಿ ದಕ್ಕಿಸಿಕೊಳ್ಳಲಾರದೆ ಒದ್ದಾಡಿದವನು ರೇವಣಪ್ಪನೊಬ್ಬನೇ. ಅವನ ಎಮ್ಮೆ ಚಂದ್ರಿಗೆ ವಯಸ್ಸಾಗಿತ್ತು. ಅದನ್ನು ಯಾರೂ ನಂಬಲಿಲ್ಲ.

ಕಲಬುರಗಿಯಲ್ಲಿ ಮಾಂಸದ ದರ ಏರುತ್ತಲೇ ಇತ್ತು. ಆಕಳು, ಎತ್ತು, ಹೋರಿಗಳ ಸುತ್ತ ಕಾಯ್ದೆ ಬೇಲಿ ಹಾಕಿದ್ದರಿಂದ ಪೇಟೆಯ ಹಸಿವೆಲ್ಲ ಎಮ್ಮೆಯ ಬೆನ್ನ ಮೇಲೆ ಬಿದ್ದಿತ್ತು. ಅದೂ ಹದಿಮೂರು ದಾಟಿದ, ಡಾಕ್ಟರ ಸಹಿ ಬಿದ್ದ ಎಮ್ಮೆಯೇ ಆಗಬೇಕು. ರೇವಣಪ್ಪನ ಕೊಟ್ಟಿಗೆಯಲ್ಲಿ ಮುದಿ ಎತ್ತೊಂದು ಕಾಯ್ದೆಯ ಅತಿಥಿಯಾಗಿ ಮಲಗಿ ಜೋಳದ ಕಣಕಿ ಮೆಲ್ಲುತ್ತಿತ್ತು. ಕಾಯ್ದೆ ಬರೆದವರಲ್ಲಿ ಒಬ್ಬನೂ ಅದಕ್ಕೊಂದು ಹೊರೆ ಮೇವು ಹೊತ್ತು ತಂದಿರಲಿಲ್ಲ, ಒಂದು ಬುಟ್ಟಿ ಸಗಣಿ ಬಾಚಿರಲಿಲ್ಲ. ಈಗ ಚಂದ್ರಿಯೂ ಗೊಡ್ಡು ಬಿದ್ದಿದ್ದಳು. ಮುದುಕಿಯನ್ನು ಕೊಟ್ಟು ಪ್ರಾಯದ್ದನ್ನು ತರಬೇಕು, ಅದರ ಹಾಲಿನಲ್ಲಿ ಮನೆ ನಡೆಯಬೇಕು. ಎರಡೆಕರೆ ತೊಗರಿಯವರ ಬದುಕು ಉಸಿರಾಡುವುದೇ ಹೀಗೆ.

ಪ್ರಾಯದ್ದೂ ಸಿಕ್ಕಿತ್ತು, ಮಣ್ಣೂರಿನಲ್ಲಿ. ಬಿಳಿ ಬಾಲದ ಎಮ್ಮೆ, ಎರಡನೇ ಸೂಲು ಎಂದಿದ್ದ ಅದರ ಧಣಿ. ಮುದಿ ಎಮ್ಮೆಗಳ ದರದ ಬಾಲ ಹಿಡಿದು, ಹಾಲು ಹಿಂಡುವ ಎಮ್ಮೆಗಳ ದರವೂ ಮಾಳಿಗೆ ಹತ್ತಿದ್ದ ಕಾಲದಲ್ಲಿ ಅವನು ಕೇಳಿದ್ದು ನ್ಯಾಯದ ಬೆಲೆ. ರೇವಣಪ್ಪ ಹಲ್ಲು ನೋಡಲು ಬಗ್ಗಿದಾಗ ಸರಿಯಾಗಿ ಚಹಾ ಬಂತು. ಚಹಾ ಕುಡಿದ ಮೇಲೆ ಬಾಯಿ ಬಿಡಿಸಿ ನೋಡುವುದು ಮರ್ಯಾದೆಯಲ್ಲವೆಂದು ಸುಮ್ಮನಾದ. “ಸೋಮವಾರ ಹೊತ್ತು ಮುಳುಗೂತನಕ ನಿನಗ ಹಿಡದಿಡ್ತೇನಿ. ಆಮ್ಯಾಲ ನಂದೇನಿಲ್ಲ,” ಎಂದಿದ್ದ ಧಣಿ.

ಇವತ್ತು ಆ ಸೋಮವಾರ. ಹೆಂಡತಿ ಶಿವಕಾಂತಾ ಬುತ್ತಿ ಕಟ್ಟಿಕೊಂಡು ತೊಗರಿ ಹೊಲಕ್ಕೆ ಹೋದದ್ದೇ ತಡ, ರೇವಣಪ್ಪ ಪಕ್ಕದ ಮನೆಯ ಇಮಾಮಸಾಬನನ್ನು ಕೂಗಿದ. ಇಮಾಮಸಾಬ ದನದ ದಲ್ಲಾಳಿ. ದನದ ಗಾಡಿ ಅಡ್ಡಗಟ್ಟಿ ಧರ್ಮ ಕೇಳುವ ಹುಡುಗರ ಕೈಗೆ ಒಮ್ಮೆ ಸಿಕ್ಕು ತಲೆ ಒಡೆಸಿಕೊಂಡಿದ್ದ. ಆದರೂ ಬಡವರ ಕೊಟ್ಟಿಗೆಗೆ ದಾರಿ ಮುಚ್ಚಬಾರದೆಂದು ಕಸುಬು ಬಿಟ್ಟಿರಲಿಲ್ಲ.

“ಮಾಮಾ, ನೀ ಕೇಳಿದಷ್ಟು ಕೊಡ್ತೇನಿ,” ಎಂದ ಇಮಾಮಸಾಬ. “ಆದ್ರ ಡಾಕ್ಟರ್ ಸಹಿ ಇಲ್ದ ಹಗ್ಗ ಮುಟ್ಟಂಗಿಲ್ಲ.”

“ಸಹಿಗೇನ್ ಬರ ಅದನಪಾ? ನಡಿ!”

ಊರೂರು ಸುತ್ತಿ ಮಧ್ಯಾಹ್ನ ಇಳಿದ ಮೇಲೆ ದನದ ದವಾಖಾನೆಗೆ ಮರಳಿದ ಡಾಕ್ಟರ್ ಜಸ್ಮೀನ ಅಂಗಳದಲ್ಲಿ ಚಂದ್ರಿಯ ಹಣೆಯ ಬಿಳಿ ಮಚ್ಚೆ ನೋಡಿದ್ದೇ ನಕ್ಕರು.

“ಇದು ಹೋದ ವರ್ಷ ಹಾಲು ಹಿಂಡೋ ಪಂದ್ಯದಾಗ ಬಂದ ಎಮ್ಮಿ ಅಲ್ಲೇನ್ರಿ? ಎಂಟು ವರ್ಷದ್ದು ಅಂತ ನೀವೇ ಆಣಿ ಮಾಡಿದ್ರಿ.”

“ಅದು ಸುಳ್ರಿ ಮೇಡಮ್ರಿ.”

“ಮತ್ತ ಇದು?”

ದನ ಮಾರುವಾಗ ವಯಸ್ಸು ಇಳಿಸುವುದು ರೇವಣಪ್ಪನಿಗೆ ಅವನಪ್ಪ ಕಲಿಸಿದ ವಿದ್ಯೆ. ಏರಿಸುವುದನ್ನು ಯಾರೂ ಕಲಿಸಿರಲಿಲ್ಲ.

“ಎಲ್ಲಾ ಹಲ್ಲು ಬಂದು ಬಾಯಿ ಕೂಡಿದ ಮ್ಯಾಲ ಹಲ್ಲು ನೋಡಿ ಅಂದಾಜು ಹೇಳಬಹುದಷ್ಟ,” ಎಂದರು ಡಾಕ್ಟರು. “ಹುಟ್ಟಿದ್ದು ಕಂಡವರ್ನ ಕರ್ಕೊಂಡು ಬರ್ರಿ.”

ಕಂಡವಳು ಓಣಿಯ ಬಾಳಮ್ಮ. ಮನುಷ್ಯರದಿರಲಿ, ದನದ್ದಿರಲಿ, ಓಣಿಯ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆದವು. ರೇವಣಪ್ಪ ಓಡಿ ಕರೆತಂದ. ಅವಳ ಹಿಂದೆ ಅರ್ಧ ಓಣಿಯೂ ಬಂತು.

“ಆಯಿ, ಚಂದ್ರಿ ಯಾವಾಗ ಹುಟ್ಟಿದ್ಳು ಹೇಳು.”

“ಮರೀಲಾಕ ಬರ್ತದೇನಲೇ? ಈ ಕಡಿ ನಿಮ್ಮ ಎಮ್ಮಿ ಈಯಾಕತ್ತಿತ್ತು, ಆ ಕಡಿ ನಮ್ಮ ಸೊಸಿ ಹಡ್ಯಾಕತ್ತಿದ್ಳು. ಒಂದೇ ದಿನ ಎರಡೂ ಕೂಸು ಹಿಡದೀನಿ. ಅವತ್ತಿಂದ ಈಗ...”

ಬಾಳಮ್ಮ ಗಕ್ಕನೆ ನಿಂತಳು. ಆಡಿಗೆ ಜಂತಿನ ಔಷಧ ಒಯ್ಯಲು ಬಂದ ಬಸ್ಸಿನ ಕಂಡಕ್ಟರ್ ಕಲ್ಯಾಣಕುಮಾರ ಎದುರಿಗೇ ಕಿವಿ ನಿಮಿರಿಸಿಕೊಂಡು ಕೂತಿದ್ದ. ಅವತ್ತು ಹುಟ್ಟಿದ ಅವಳ ಮೊಮ್ಮಗ ಇವತ್ತಿಗೂ ಅವನ ಬಸ್ಸಿನಲ್ಲಿ ಹನ್ನೆರಡರೊಳಗಿನವರ ಅರ್ಧ ಟಿಕೇಟಿನಲ್ಲೇ ಆಳಂದಕ್ಕೆ ಹೋಗಿಬರುತ್ತಿದ್ದ.

“ಈಗ ಎಷ್ಟಾತಮ್ಮಾ?” ಎಂದ ಕಂಡಕ್ಟರ್, ಬೆಲ್ಲ ಕಂಡ ಇರುವೆಯಂತೆ ಹತ್ತಿರ ಸರಿದು.

“ಹನ್ನೊಂದು!”

“ಆಯೀ!” ಎಂದು ಚೀರಿದ ರೇವಣಪ್ಪ.

“ಹನ್ನೊಂದೂ ತುಂಬಿಲ್ಲ ತಗೋ!”

ರೇವಣಪ್ಪ ಹೆಗಲ ಟಾವೆಲ್ ತೆಗೆದು ಮಣ್ಣಿನಲ್ಲಿ ಹಾಸಿ ಅವಳ ಕಾಲಿಗೆ ಬಿದ್ದ. ಹೊತ್ತು ಬೇವಿನ ಮರದಿಂದ ಕೆಳಗಿಳಿದಿತ್ತು. “ಹೊತ್ತು ಮುಣಗಿದ್ರ ಮಣ್ಣೂರಿನ ಎಮ್ಮಿ ಹೋಗ್ತದ ಆಯಿ. ಮನ್ಯಾಗ ಹಾಲಿಲ್ದ ಎಷ್ಟು ದಿನ ಆತು, ನಿನಗ ಗೊತ್ತಿಲ್ಲೇನು?”

ಬಾಳಮ್ಮ ಒಮ್ಮೆ ಅವನನ್ನು, ಒಮ್ಮೆ ಕಂಡಕ್ಟರನನ್ನು ನೋಡಿ ಸೆರಗು ಸೊಂಟಕ್ಕೆ ಬಿಗಿದಳು. ಸತ್ಯಕ್ಕಾಗಿ ಸಭೆಗಳಲ್ಲಿ ಕೈ ಎತ್ತಿದವರು ಬಹಳ. ಕೈಯಾರೆ ಅರ್ಧ ಟಿಕೇಟು ಬಿಟ್ಟುಕೊಟ್ಟವಳು ಇವಳೊಬ್ಬಳೇ.

“ಹದಿನಾಕು! ಎಮ್ಮಿಗೂ ಹದಿನಾಕು, ನಮ್ಮ ಹುಡುಗಗೂ ಹದಿನಾಕು! ಬರ್ಕೋ ಹೋಗಲೇ ಕಂಡಕ್ಟರಾ!”

ಓಣಿಯವರು ಚಪ್ಪಾಳೆ ತಟ್ಟಿದರು. ಡಾಕ್ಟರು ಪೆನ್ನು ತೆಗೆದವರು ಮತ್ತೆ ಕಿಸೆಗಿಟ್ಟು, ಮೊಳಕೈ ದಾಟುವ ಕೈಗವಸು ತೊಟ್ಟರು. “ಸಹಿಗಿಂತ ಮೊದಲ ಹೊಟ್ಟಿ ನೋಡಬೇಕು.”

ನೋಡಿದರು. ಇನ್ನೊಮ್ಮೆ ನೋಡಿದರು.

“ಗಬ್ಬ ಅದ್ರಿ. ಸಹಿ ಆಗಂಗಿಲ್ಲ.”

“ತೋಬಾ ತೋಬಾ!” ಇಮಾಮಸಾಬ ಹಾರಿ ಹಿಂದೆ ಸರಿದ. “ಹೊಟ್ಟ್ಯಾಗ ಜೀವ ಇದ್ದದ್ದು ನಮ್ಮಪ್ಪನೂ ಮುಟ್ಟಿಲ್ಲ ಮಾಮಾ, ನಾನೂ ಮುಟ್ಟಂಗಿಲ್ಲ.”

ರೇವಣಪ್ಪನ ತಲೆ ಗಿರ್ರೆಂದು ತಿರುಗಿ ಲಾಭದ ಕಡೆಗೇ ಬಂದು ನಿಂತಿತು. ಗಬ್ಬದ ಎಮ್ಮೆಗೆ ಇನ್ನೂ ಹೆಚ್ಚಿನ ಬೆಲೆ! “ಯಾರಿಗರೆ ಬೇಕೇನ್ರೆಪಾ? ಗಬ್ಬದ ಎಮ್ಮಿ! ಪ್ರಾಯದ್ದು!”

“ಹದಿನಾಕು ವರ್ಷದ್ದು ಅಂತ ಈಗರೆ ಕಾಲಿಗಿ ಬಿದ್ದು ಹೇಳಿಸ್ದೆಲ್ಲೋ ಮಾರಾಯಾ!” ಎಂದ ಕಂಡಕ್ಟರ್. ಅಂಗಳವೆಲ್ಲ ಘೊಳ್ಳೆಂದಿತು.

ಅಷ್ಟರಲ್ಲಿ ಹೊಲದಿಂದ ಶಿವಕಾಂತಾ ಬಂದಳು, ತಲೆಯ ಮೇಲೆ ಹಸಿ ಮೇವಿನ ಹೊರೆ ಹೊತ್ತು. ಯಾರನ್ನೂ ಏನೂ ಕೇಳದೆ ಒಂದು ಹಿಡಿ ಎಳೆದು ಚಂದ್ರಿಯ ಮುಂದೆ ಹಿಡಿದಳು.

“ಇದು ಗಬ್ಬ ಅದಂತ ನಿನಗ ಗೊತ್ತಿತ್ತೇನ್ ಬೇ?” ಎಂದ ರೇವಣಪ್ಪ.

“ನಾನೇ ಕೋಣನ ಹಂತೇಲಿ ಹೊಡ್ಕೊಂಡು ಹೋಗೀನಿ, ಗೊತ್ತಿರಲ್ದೇನ್ರಿ?”

“ಹೇಳಬಾರದಾಗಿತ್ತಾ?”

“ಮಣ್ಣೂರಿನ ಎಮ್ಮಿ ಬಾಲದ ಚಂದಾ ಹೇಳೂದ್ರಾಗ ನೀವು ನನಗ ಬಾಯಿ ತೆಗೀಲಾಕ ಎಲ್ಲಿ ಬಿಟ್ಟೀರಿ?”

ರೇವಣಪ್ಪ ಪಡುವಣಕ್ಕೆ ನೋಡಿದ. ಸೂರ್ಯ ಅರ್ಧ ಮುಳುಗಿದ್ದ. ಆಗ ಇಮಾಮಸಾಬನ ಮೊಬೈಲು ರಿಂಗಣಿಸಿತು. ಆ ಮುದಿ ಮೊಬೈಲಿನ ಮಾತು ಕಿವಿಗಿಟ್ಟರೂ ಊರಿಗೆಲ್ಲ ಕೇಳುತ್ತಿತ್ತು.

“ಇಮಾಮಣ್ಣಾ, ಮಣ್ಣೂರಿಂದ ಮಾತಾಡಾಕತ್ತೇನಿ. ನಮ್ಮ ಎಮ್ಮಿ ಒಯ್ಯಿ. ಹದಿನೈದು ದಾಟ್ಯಾದ, ಇಲ್ಲಿ ಡಾಕ್ಟರ್ ಸಹಿನೂ ಆಗ್ಯಾದ. ನಿಂಬರ್ಗಾದವ ಒಬ್ಬ ಎರಡನೇ ಸೂಲು ಅಂತ ನಂಬಿದ್ದ, ಇನ್ನ ಬರಂಗ ಕಾಣಸಲ್ಲ.”

“ಯಾವ ಎಮ್ಮಿ?”

“ಅದೇ, ಬಿಳಿ ಬಾಲದ್ದು.”

ಶಿವಕಾಂತಾ ಮೇವಿನ ಹೊರೆಯನ್ನು ಗಂಡನ ತಲೆಗೆ ದಾಟಿಸಿ, ಚಂದ್ರಿಯ ಹಗ್ಗ ಹಿಡಿದು, ಅತಿಥಿ ಎತ್ತಿಗೆ ನೀರು ಕುಡಿಸಬೇಕೆಂದು ಮುಂದೆ ನಡೆದಳು. ಹೊರೆ ಹೊತ್ತು ಹಿಂದೆ ಹೊರಟ ರೇವಣಪ್ಪನ ಅಂಗಿಯನ್ನು ಬಾಳಮ್ಮ ಹಿಡಿದೆಳೆದಳು.

“ಎಲ್ಲಿಗಿ ಹೊಂಟೆಲೇ? ನಾಳಿಂದ ನಮ್ಮ ಹುಡುಗನ ಉಳಿದರ್ಧ ಟಿಕೇಟು ಯಾರು ತಗೀಬೇಕು?”